ಖಾಲಿ ತಿರುಗಿದ ಮಿಕ್ಸಿ

ಜಾರಿನೊಳಗೆ ಕಾಯಿ, ಹಸಿಮೆಣಸಿನಕಾಯಿ ಇದ್ದರೆ ಮಿಕ್ಸಿಯ ಸದ್ದೇ ಬೇರೆ. ಮೊದಲು ಗರಗರ ಅಂತ ತಡವರಿಸಿ, ಆಮೇಲೆ ದಪ್ಪಗಾಗಿ, ಚಟ್ನಿ ನುಣ್ಣಗಾದ ಹಾಗೆ ತಾನೂ ಮೆತ್ತಗಾಗುತ್ತದೆ. ಜಾರು ಖಾಲಿ ಇದ್ದರೆ ಶುರುವಿನಿಂದ ಕೊನೆವರೆಗೂ ಒಂದೇ ಕೀರಲು ದನಿ. ಏರೂ ಇಲ್ಲ, ಇಳಿತವೂ ಇಲ್ಲ. ನನ್ನ ಆಯಸ್ಸಿನ ಅರ್ಧ ಭಾಗ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೂತವಳು ನಾನು. ಮಂಡಿ ಹೋಗಿದೆ, ಕಣ್ಣಿಗೆ ಪೊರೆ ಬಂದಿದೆ, ಕಿವಿ ಮಾತ್ರ ಇನ್ನೂ ಫಸ್ಟ್ ಕ್ಲಾಸ್.

ಮೊನ್ನೆ ಇಲ್ಲಿ ಚಿತ್ರದುರ್ಗದಲ್ಲಿ, ಮಾಳಿಗೆ ಮೇಲಿನ ಬಾಡಿಗೆ ಮನೆಯ ಸೊಸೆ ತೊಳೆದ ಜಾರು ಒಣಗಲಿ ಅಂತಲೋ ಏನೋ ಮಿಕ್ಸಿಯನ್ನು ಖಾಲಿ ತಿರುಗಿಸಿದಳು. ಪಾಪ, ಅವಳಿಗೇನು ಗೊತ್ತು. ನನ್ನ ಕೈಯ ಕಾಫಿ ಲೋಟ ಸೀರೆ ಮೇಲೆ ಮಗುಚಿತು. ಮೈ ಸುಟ್ಟದ್ದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು. ಹೊಳಲ್ಕೆರೆಯ ಆ ಬೀದಿ, ಆ ಗೋಡೆ, ಆ ಆಷಾಢ ಎಲ್ಲ ಹಾಗೇ ಎದ್ದು ಬಂದು ಎದುರಿಗೆ ಕೂತವು.

ಆ ವರ್ಷ ನನ್ನ ತಂಗಿ ಸುಶೀಲ ಮಗಳ ಬಾಣಂತನಕ್ಕೆ ಶಿವಮೊಗ್ಗಕ್ಕೆ ಹೊರಟಿದ್ದಳು. “ಹೊಳಲ್ಕೆರೆ ಮನೆ ಬೀಗ ಹಾಕಿ ಬಿಡೋದು ಬ್ಯಾಡ, ನೀನು ಬಂದಿರಕ್ಕ” ಅಂದಳು. ಮದುವೆ, ಮಕ್ಕಳು ಅಂತ ನನಗೇನೂ ಕಟ್ಟುಪಾಡಿಲ್ಲ. ಒಂದು ಸೂಟ್‌ಕೇಸು, ನ್ಯೂಸ್‌ಪೇಪರ್ ಓದುವ ಟ್ಯಾಬು ಹಿಡಿದು ಹೋದೆ. ನಮ್ಮ ಕಡೆ ಆಷಾಢ ಅಂದರೆ ಮಳೆ ಅಲ್ಲ, ಗಾಳಿ. ಮೋಡಗಳು ಯಾರದೋ ಊರಿಗೆ ತಡವಾಯಿತು ಅನ್ನುವ ಹಾಗೆ ತಲೆ ಮೇಲೆ ಓಡುತ್ತವೆ. ಓಡುತ್ತ ನಾಲ್ಕು ಹನಿ ಉದುರಿಸಿದರೆ ಅದೇ ದೊಡ್ಡ ಉಪಕಾರ. ಬಾಗಿಲು ಕಿಟಕಿಗಳೆಲ್ಲ ದಿನವಿಡೀ ಬಡಕೊಳ್ಳುತ್ತವೆ. ಆದರೂ ಯಾರೂ ಬಾಗಿಲು ಹಾಕುವುದಿಲ್ಲ. ಬೆಳಿಗ್ಗೆ ತೆಗೆದ ಬಾಗಿಲು ಮಲಗುವಾಗಲೇ ಹಾಕುವುದು. ಹಗಲಲ್ಲಿ ಬಾಗಿಲು ಹಾಕಿದ್ದರೆ ಆ ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ.

ತಂಗಿಯ ಮನೆಗೂ ಪಕ್ಕದ ಮನೆಗೂ ಒಂದೇ ಗೋಡೆ. ಪಕ್ಕದವನು ನಾಗರಾಜ, ಬಸ್‌ಸ್ಟ್ಯಾಂಡ್ ಹತ್ತಿರ ಮೋಟಾರ್ ರಿವೈಂಡಿಂಗ್ ಅಂಗಡಿ. ಬೀದಿಯ ಪಂಪು, ಫ್ಯಾನು, ಮಿಕ್ಸಿ ಎಲ್ಲದಕ್ಕೂ ಅವನೇ ಡಾಕ್ಟರು. ನಾನು ಹೋದ ಮರುದಿನವೇ ಬಂದು ಸಂಪಿನ ಮೋಟಾರು ನೋಡಿಕೊಟ್ಟ. “ನೀವು ನಮ್ಮ ತಾಯಿ ಇದ್ದಂಗೆ ಮೇಡಂ, ಏನ್ ಬೇಕಾದ್ರೂ ಗೋಡೆ ತಟ್ರಿ ಸಾಕು” ಅಂದ. ವಾಟ್ ಎ ಡೀಸೆಂಟ್ ಮ್ಯಾನ್ ಅಂದುಕೊಂಡೆ. ಕುಡಿತ ಇಲ್ಲ, ಬೀಡಿ ಇಲ್ಲ, ಹಣೆ ತುಂಬ ವಿಭೂತಿ.

ಎರಡು ಮೂರು ದಿನ ಕಳೆದಿರಬೇಕು, ದೀಪ ಹಚ್ಚುವ ಹೊತ್ತಿಗೆ ಗೋಡೆಯಾಚೆ ಮಿಕ್ಸಿ ಶುರುವಾಯಿತು. ಖಾಲಿ ಜಾರು. ಇದೇನು, ಸುಮ್ಮನೆ ತಿರುಗಿಸುತ್ತಿದ್ದಾರಲ್ಲ, ಮೋಟಾರು ಸುಟ್ಟುಹೋಗುತ್ತದೆ ಅಂದುಕೊಳ್ಳುವಷ್ಟರಲ್ಲಿ ಆ ಕೀರಲು ದನಿಯ ಅಡಿಯಲ್ಲಿ ಇನ್ನೊಂದು ಸದ್ದು ಕೇಳಿಸಿತು. ಟ್ರಂಕ್ ಕಾಲ್‌ನಲ್ಲಿ ಒಂದು ಲೈನಿನ ಕೆಳಗೆ ಇನ್ನೊಂದು ಲೈನಿನ ಮಾತು ಕೇಳಿಸುತ್ತಿತ್ತಲ್ಲ, ಹಾಗೆ. ಅದನ್ನು ಬಿಡಿಸಿ ಹೇಳುವ ಅಗತ್ಯ ಇಲ್ಲ. ಪೆಟ್ಟಿನ ಸದ್ದು ಹೆಂಗಸರಿಗೆ ಗೊತ್ತಾಗುತ್ತದೆ.

ಎದುರು ಮನೆಯ ಶಾಂತಕ್ಕನನ್ನು ಬೆಳಿಗ್ಗೆ ಕೇಳಿದೆ. ಆಕೆ ಹೂ ಕಟ್ಟುತ್ತ ತಲೆ ಎತ್ತಲಿಲ್ಲ.

“ಅವರ ಮನೇಲಿ ಮಿಕ್ಸಿ ಸ್ವಲ್ಪ ಜಾಸ್ತಿ ಓಡ್ತೈತೆ ಮೇಡಂ.”

“ಜಾರಲ್ಲಿ ಏನೂ ಇರಲಿಲ್ಲವಲ್ಲ ಶಾಂತಕ್ಕ?”

“ಅಯ್ಯ, ನಿಮಗೆ ಭಾಳ ಸೂಕ್ಷ್ಮ ಕಿವಿ ಬಿಡ್ರಿ!”

ಅಂದರೆ ಗೊತ್ತಿತ್ತು. ಇಡೀ ಬೀದಿಗೆ ಗೊತ್ತಿತ್ತು. ಮಿಕ್ಸಿ ಶುರುವಾದ ಕೂಡಲೇ ಒಬ್ಬರು ಟಿವಿ ಜೋರು ಮಾಡುತ್ತಿದ್ದರು, ಇನ್ನೊಬ್ಬರು ಕೊಡ ಹಿಡಿದು ನಲ್ಲಿಗೆ ಹೋಗುತ್ತಿದ್ದರು. ನೀರು ಬರುವ ದಿನವೇ ಅಲ್ಲದಿದ್ದರೂ!

ನಾಗರಾಜನ ಹೆಂಡತಿ ಲತಾ ಒಂದು ಮಧ್ಯಾಹ್ನ ಕರಿಬೇವು ಕೇಳುವ ನೆಪ ಮಾಡಿಕೊಂಡು ಹಿತ್ತಲ ಕಡೆಯಿಂದ ಬಂದಳು. ಕರಿಬೇವಿನ ಗಿಡ ಅವರ ಹಿತ್ತಲಲ್ಲೇ ಇತ್ತು. ಸೆರಗಿನ ತುದಿ ಸುತ್ತುತ್ತ ನಿಂತಳು.

“ಅಜ್ಜಿ, ನಿಮ್ಮನೇಲಿ ಬಾಗಿಲು ಹಾಕ್ಕಳಾಕೆ ಬರೋ ಒಂದು ರೂಮು ಐತಾ?”

“ಐತೆ. ಯಾಕಮ್ಮ?”

“ನನಗಲ್ಲ. ಸಿಂಚನಂಗೆ.”

ಸಿಂಚನ ಅವರ ಒಬ್ಬಳೇ ಮಗಳು, ಫಸ್ಟ್ ಪಿಯುಸಿ. ಕಾಲೇಜಿನ ಕ್ಯಾಂಟೀನಿನಲ್ಲಿ ಮಿಕ್ಸಿ ಹಾಕಿದರೆ ಸಾಕು, ಹುಡುಗಿ ಕೈಕಾಲು ಮರಗಟ್ಟಿ ನಿಂತುಬಿಡುತ್ತಿದ್ದಳಂತೆ. ಒಂದು ದಿನ ಬೆಂಚಿನ ಕೆಳಗೆ ಹೋಗಿ ಕೂತಳಂತೆ. ಹುಡುಗರು ನಕ್ಕರು. ಬಯಾಲಜಿ ಲೆಕ್ಚರರ್ ಹುಡುಗಿಯೊಬ್ಬಳು ಮಾತ್ರ ನಗದೆ, ಪಕ್ಕದಲ್ಲಿ ಕೂತು ಮಾತಾಡಿಸಿ, ಮನೆಯಲ್ಲಿ ಹೊಡೆತ ಬಡಿತ ನೋಡಿ ಬೆಳೆದ ಮಕ್ಕಳಿಗಾಗಿ ವಿಡಿಯೋದಲ್ಲಿ ಥೆರಪಿ ಕೊಡುವವರ ವಿಳಾಸ ಹುಡುಕಿದ್ದಳು. ಕನ್ನಡದಲ್ಲೇ ಮಾತಾಡುತ್ತಾರೆ, ತಾಯಿ ಒಪ್ಪಿದರೆ ಸಾಕು. ಒಂದೇ ಕಂಡೀಷನ್: ಹುಡುಗಿ ಒಬ್ಬಳೇ ಇರಬೇಕು, ಮಾತು ಯಾರ ಕಿವಿಗೂ ಬೀಳಬಾರದು, ಅಂಥ ಜಾಗ ಬೇಕು.

ನನಗೆ ಮೊದಲು ಸಿಟ್ಟು ಬಂದದ್ದು ಆ ಕಂಡೀಷನ್ ಮೇಲೆ. ‘ಎ ಕ್ವಯಟ್, ಪ್ರೈವೇಟ್ ಸ್ಪೇಸ್’ ಅಂತೆ! ನಮ್ಮ ಬೀದಿಗೆ ಬಂದು ನೋಡಲಿ. ಸ್ನಾನಕ್ಕೆ ಹೋದವಳನ್ನೂ “ಇನ್ನೂ ಆಗಲಿಲ್ಲವಾ” ಅಂತ ಕರೆಯುವ ಊರು. ಹೊಡೆಯುವವನಿಗೆ ಬಾಗಿಲು ಹಾಕಿಕೊಳ್ಳುವ ಹಕ್ಕು ಇದೆ, ಹೊಡೆತ ನೋಡಿ ನಡುಗುವ ಮಗುವಿಗೆ ಅಳುವುದಕ್ಕೆ ಒಂದು ಬಾಗಿಲು ಇಲ್ಲ. ಅವಳ ಫೋನನ್ನು ಅಪ್ಪ ದಿನಾ ತೆಗೆದು ನೋಡುತ್ತಾನೆ. ಹಾಗಾಗಿ ನನ್ನ ಟ್ಯಾಬು, ನನ್ನ ತಂಗಿಯ ಒಳಕೋಣೆ. ಹೊರಗಿನವರಿಗೆ ಹೇಳುವುದು: ಮೇಡಂ ಹತ್ತಿರ ಸ್ಪೋಕನ್ ಇಂಗ್ಲಿಷ್ ಟ್ಯೂಷನ್.

ಮಂಗಳವಾರ, ಶುಕ್ರವಾರ. ಥೆರಪಿ ಕೊಡುವವರಿಗೆ ಬಿಡುವಾಗುವುದು ಸರಿಯಾಗಿ ದೀಪ ಹಚ್ಚುವ ಹೊತ್ತಿಗೆ. ಮೊದಲ ದಿನ ಟ್ಯಾಬಿನಲ್ಲಿ ಮೂಡಿದ್ದು ನೀಲಿ ಕುರ್ತಾದ ಒಬ್ಬ ಹುಡುಗಿ. ನನ್ನ ತಂಗಿಯ ಮಗಳಿಗಿಂತ ಚಿಕ್ಕವಳು. ಇವಳೇನು ಮಾಡಿಯಾಳು ಅನ್ನಿಸಿತು. ಕೈ ಹಿಡಿಯುವ ಹಾಗಿಲ್ಲ, ತಲೆ ಸವರುವ ಹಾಗಿಲ್ಲ, ಗಾಜಿನ ಹಿಂದೆ ಕೂತು ಗಾಯ ಮಾಯಿಸುತ್ತಾಳಾ? ಅವಳು ನಮಸ್ಕಾರ ಮಾಡಿ, “ಅಜ್ಜಿ, ಬೇಜಾರಿಲ್ಲದಿದ್ದರೆ ನೀವು ಸ್ವಲ್ಪ ಹೊರಗೆ ಇರ್ತೀರಾ?” ಅಂದಳು.

“ನನಗೆ ಹೇಳಿಕೊಡಬೇಡಮ್ಮ,” ಅಂದೆ. “ನಾನು ಆಪರೇಟರ್ ಆಗಿದ್ದವಳು. ಲೈನ್ ಕೊಟ್ಟ ಮೇಲೆ ಕಿವಿ ಎತ್ತಿಬಿಡಬೇಕು. ಅದು ನಮ್ಮ ಕೆಲಸದ ಮೊದಲ ಪಾಠ.”

ನಿಜವಾಗಿಯೂ ಹಾಗೇ. ಎರಡೂ ಕಡೆ ಮಾತು ಸಿಕ್ಕಿತು ಅಂತ ಖಾತ್ರಿಯಾದ ಕೂಡಲೇ, ನಮಗೆ ಮಾತು ಕೇಳಿಸುವ ಕೀ ಮೇಲೆತ್ತಬೇಕು. ಸಾವಿನ ಸುದ್ದಿ ಇರಲಿ, ಸಂಬಂಧದ ಮಾತಿರಲಿ, ಕದ್ದು ಕೇಳಿದವಳಿಗೆ ಸೂಪರ್‌ವೈಸರ್ ಹತ್ತಿರ ಮಾಫಿ ಇರಲಿಲ್ಲ. ಕಾನ್ವೆಂಟಿನ ಸಿಸ್ಟರ್‌ಗಳು ‘ಎ ಲೇಡಿ ನೆವರ್ ಈವ್ಸ್‌ಡ್ರಾಪ್ಸ್’ ಅಂತ ಬಾಯಿಪಾಠ ಮಾಡಿಸಿದ್ದು ಹೊಟ್ಟೆಪಾಡಿಗೆ ಬಂದದ್ದು ಅಲ್ಲೇ. ಆಮೇಲೆ ನೆನಪಾಯಿತು: ಆಗ ತಂತಿಯಲ್ಲಿ ಬರೀ ದನಿ ಕೇಳಿಯೇ ಜನ ಅಳುತ್ತಿದ್ದರು, ಸಮಾಧಾನವಾಗುತ್ತಿದ್ದರು. ಗಾಜನ್ನು ಅಷ್ಟು ಹಗುರ ಮಾಡಬಾರದು.

ಒಳಕೋಣೆಯ ಬಾಗಿಲು ಸಾಲದು, ಬೀದಿ ಬಾಗಿಲನ್ನೂ ಹಾಕಿ, ಜಗಲಿ ಮೇಲೆ ಕಾವಲು ಕೂತೆ. ಹಾಕಿದ ಬಾಗಿಲಿನ ಹೊರಗೆ ಮುದುಕಿಯೊಬ್ಬಳು ದಿಟ್ಟಿಸಿ ಕೂತಿದ್ದರೆ ಬೀದಿ ಬಿಡುತ್ತದೆಯೇ? ಶಾಂತಕ್ಕ ಸೀದಾ ಬಂದು ಪಕ್ಕದಲ್ಲಿ ಕೂತಳು.

“ಮೇಡಂ, ತಪ್ಪು ತಿಳ್ಕಬ್ಯಾಡ್ರಿ. ದೀಪ ಹಚ್ಚೋ ಹೊತ್ನಾಗೆ ಬಾಗಿಲು ಹಾಕಿದ್ರೆ ಲಕ್ಷ್ಮಿ ಒಳಗೆ ಹೆಂಗ್ ಬರ್ತಾಳೆ?”

“ನಾಗರಾಜನ ಮನೆ ಬಾಗಿಲೂ ಇದೇ ಹೊತ್ತಿಗೆ ಹಾಕಿರುತ್ತಲ್ಲ ಶಾಂತಕ್ಕ. ಅಲ್ಲಿಗೆ ಲಕ್ಷ್ಮಿ ಹಿತ್ತಲ ಕಡೆಯಿಂದ ಹೋಗ್ತಾಳಾ?”

ಶಾಂತಕ್ಕ ಸೆರಗು ಸರಿಮಾಡಿಕೊಂಡಳು. ಆಮೇಲೆ, “ಇಂಗ್ಲಿಷ್ ಕಲಿಯಾಕೆ ಬಾಗಿಲ್ಯಾಕೆ ಹಾಕಬೇಕು?” ಅಂದಳು.

“ತಪ್ಪು ಮಾತಾಡಿದ್ರೆ ನೀವು ನಗ್ತೀರ ಅಂತ.”

“ನಗಾಕೆ ನಮಗೆ ಗೊತ್ತಾಗಬೇಕಲ್ರಿ!” ಅಂತ ತಾನೇ ನಕ್ಕಳು. ಕೆಟ್ಟ ಹೆಂಗಸಲ್ಲ. ಅದೇ ನನಗೆ ಇವತ್ತಿಗೂ ತಡೆಯಲಾಗದ್ದು. ಆ ಬೀದಿಯಲ್ಲಿ ಯಾರೂ ಕೆಟ್ಟವರಲ್ಲ.

ಒಂದು ಸಂಜೆ ಸೆಷನ್ ಮುಗಿದು ಸಿಂಚನ ಹೊರಗೆ ಬರುವುದಕ್ಕೂ ನಾಗರಾಜ ಜಗಲಿ ಹತ್ತುವುದಕ್ಕೂ ಸರಿಹೋಯಿತು. ತಂಗಿಯ ಟೇಬಲ್ ಫ್ಯಾನು ರಿಪೇರಿ ಮಾಡಿ ತಂದಿದ್ದ. ಹಸನ್ಮುಖಿ.

“ಏನವ್ವ ಇಂಗ್ಲಿಷ್ ಮೇಡಂ, ಏನ್ ಕಲಿತಿ? ಎಲ್ಲಿ, ನಾಕು ಮಾತು ಹೇಳು ನೋಡಾಣ.”

ಟ್ಯೂಷನ್ ಅನ್ನೋದೇ ಸುಳ್ಳು, ಏನು ಹೇಳಿಯಾಳು? ಹುಡುಗಿ ಎರಡೂ ಪಾದ ನೆಲಕ್ಕೆ ಒತ್ತಿ ನಿಂತಳು. ಉಸಿರು ಎಳೆದುಕೊಂಡಳು. ಅಪ್ಪನ ಮುಖ ಬಿಟ್ಟು ಸುತ್ತ ನೋಡುತ್ತ ಒಂದೊಂದಾಗಿ ಹೇಳಿದಳು:

“ಐ ಸೀ ಎ ಲ್ಯಾಂಪ್. ಐ ಸೀ ಎ ವಿಂಡೋ. ಐ ಸೀ ಎ ಕ್ಯಾಲೆಂಡರ್. ಐ ಹಿಯರ್ ಎ ಬಸ್. ಐ ಹಿಯರ್ ದ ವಿಂಡ್. ಐ ಆಮ್ ಹಿಯರ್.”

“ಭೇಷ್!” ಅಂದ ನಾಗರಾಜ. ಎದುರು ಮನೆಗೆ ಕೇಳಿಸುವ ಹಾಗೆ, “ನೋಡ್ರಿ ಶಾಂತಕ್ಕ, ನನ್ನ ಮಗಳು!” ಅಂತ ಕೂಗಿದ. ಅದು ಇಂಗ್ಲಿಷ್ ಪಾಠವಲ್ಲ, ಭಯ ಬಂದಾಗ ನಿಂತ ನೆಲವನ್ನು ಹಿಡಿದುಕೊಳ್ಳುವುದಕ್ಕೆ ಗಾಜಿನಾಚೆಯ ಹುಡುಗಿ ಕಲಿಸಿದ ಅಭ್ಯಾಸ ಅಂತ ಸಿಂಚನ ನನಗೆ ಆಮೇಲೆ ಹೇಳಿದಳು. ಕನ್ನಡದಲ್ಲಿ ಕಲಿತದ್ದನ್ನು ಆ ಕ್ಷಣಕ್ಕೆ ತಾನೇ ಇಂಗ್ಲಿಷ್ ಮಾಡಿದ್ದಳು. ಅಪ್ಪನ ಭಯಕ್ಕೆ ಕೊಟ್ಟ ಮದ್ದನ್ನು ಅಪ್ಪನ ಎದುರಿಗೇ ಕುಡಿದು, ಅಪ್ಪನಿಂದಲೇ ಭೇಷ್ ಅನ್ನಿಸಿಕೊಂಡಳು. ನನಗೆ ನಗಬೇಕೋ ಅವನು ತಂದ ಫ್ಯಾನನ್ನು ಎತ್ತಿ ಅವನ ಮೇಲೇ ಹಾಕಬೇಕೋ ತಿಳಿಯಲಿಲ್ಲ.

ಒಳಗೆ ಏನು ಮಾತಾಡಿದೆ ಅಂತ ನಾನು ಎಂದೂ ಕೇಳಲಿಲ್ಲ. ಅವಳಾಗಿಯೇ ಹೇಳಿದ್ದು ಒಂದೇ ಸಲ. ಶ್ರಾವಣ ಹತ್ತಿರವಾಗಿತ್ತು. ಜಗಲಿಯ ಮೇಲೆ ಇಬ್ಬರೂ ಮಂಡಕ್ಕಿ ತಿನ್ನುತ್ತ ಕೂತಿದ್ದೆವು.

“ಅಜ್ಜಿ, ಮಿಕ್ಸಿ ಹಾಕ್ತಿದ್ದೋಳು ನಾನೇ.”

ನಾನು ಅವಳ ಕಡೆ ತಿರುಗಿ ಕೂತೆ.

“ಅಪ್ಪ ಕೂಗಾಡಲ್ಲ. ಬಾಗಿಲು ಹಾಕಿ, ‘ಸಿಂಚು, ಮಿಕ್ಸಿ ಹಾಕವ್ವ’ ಅಂತಾರೆ. ನೀರು ಕೊಡು ಅಂದಂಗೆ. ಸಣ್ಣೋಳಿದ್ದಾಗ ನಂಗೆ ಕೈ ಎಟುಕ್ತಿರಲಿಲ್ಲ, ಸ್ಟೂಲ್ ಹಾಕ್ಕಂಡು ಹತ್ತುತಿದ್ದೆ. ನಾನು ಆನ್ ಮಾಡಿದ ಮೇಲೇ ಅಮ್ಮಂಗೆ ಏಟು ಬೀಳೋದು. ನಾನು ತಡ ಮಾಡಿದ್ರೆ ಅಪ್ಪ ಕಾಯೋರು.”

ನಾನು ಮಂಡಕ್ಕಿಯನ್ನು ಪಕ್ಕಕ್ಕೆ ಸರಿಸಿದೆ.

“ಮೋಟಾರ್ ಸುಟ್ಟೋದ್ರೆ ಮಾರನೇ ದಿನಾನೇ ರಿವೈಂಡ್ ಮಾಡಿ ತರೋರು. ಟ್ಯಾಬಿನ ಮೇಡಂ ಹೇಳ್ತಾರೆ, ಕೈ ನಿಂದು, ಆದ್ರೆ ಇಷ್ಟ ನಿಂದಲ್ಲ ಅಂತ. ನಂಗಿನ್ನೂ ಪೂರ್ತಿ ನಂಬಾಕೆ ಆಗ್ತಿಲ್ಲ ಅಜ್ಜಿ. ಇನ್ನೊಂದ್ ಸಲ ‘ಹಾಕು’ ಅಂದ್ರೆ ನನ್ನ ಕೈ ತಾನಾಗೇ ಹೋಗುತ್ತೆ ಅನ್ಸುತ್ತೆ. ಅದೇ ಭಯ.”

ಅಪ್ಪ ಹೊಡೆದಾನು ಅನ್ನುವುದಲ್ಲ ಆ ಮಗುವಿನ ಭಯ. ತನ್ನ ಕೈ ತನ್ನ ಮಾತು ಕೇಳುತ್ತದೋ ಇಲ್ಲವೋ ಅನ್ನುವ ಭಯ. ಇದಕ್ಕೆ ಯಾವ ಶಿಕ್ಷೆ ಇದೆ, ಯಾವ ಪುಸ್ತಕದಲ್ಲಿ ಬರೆದಿದೆ, ಹೇಳಿ. ಹೆಂಡತಿಗೆ ಹೊಡೆದದ್ದು ಒಂದು ಪಾಪ, ಆ ಪಾಪದ ಸ್ವಿಚ್ಚನ್ನು ಮಗಳ ಬೆರಳಿಗೆ ಕೊಟ್ಟದ್ದು?

ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ ಬಂತು. ಹಬ್ಬ ಅಂತ ಅವತ್ತು ಸೆಷನ್ ಇರಲಿಲ್ಲ. ಸಂಜೆ ಇಡೀ ಬೀದಿಯ ಬಾಗಿಲುಗಳು ತೆರೆದಿದ್ದವು, ಹೊಸ ಸೀರೆಯ ಹೆಂಗಸರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಮನೆಯಿಂದ ಮನೆಗೆ ಓಡಾಡುತ್ತಿದ್ದರು. ನಾಗರಾಜನ ಮನೆ ಬಾಗಿಲು ಮಾತ್ರ ಹಾಕಿಕೊಂಡಿತು. ನಾನು ಗೋಡೆಗೆ ಹತ್ತಿರವೇ ನಿಂತಿದ್ದೆ. ಶಾಂತವಾದ ದನಿ ಕೇಳಿಸಿತು.

“ಸಿಂಚು, ಮಿಕ್ಸಿ ಹಾಕವ್ವ.”

ಮಿಕ್ಸಿ ಶುರುವಾಗಲಿಲ್ಲ.

“ಸಿಂಚೂ.”

ಇಲ್ಲ.

“ಹಾಕಲೇ!”

ಆ ದನಿ ಅಷ್ಟು ಏರಿದ್ದನ್ನು ಬೀದಿ ಅವತ್ತೇ ಮೊದಲು ಕೇಳಿದ್ದು. ಆಮೇಲೆ ಏಟಿನ ಸದ್ದು, ಲತಾಳ ದನಿ, ಯಾವ ಹೊದಿಕೆಯೂ ಇಲ್ಲದೆ ಬೀದಿಗೆ ಬಂದವು. ತಟ್ಟೆ ಹಿಡಿದ ಹೆಂಗಸರೆಲ್ಲ ನಿಂತಲ್ಲೇ ನಿಂತರು. ನಾನು ಮಂಡಿ ಮರೆತು ಓಡಿದೆ. ಆ ಬಾಗಿಲಿಗೆ ಎರಡೂ ಕೈಯಿಂದ ಗುದ್ದಿದೆ. ಸಿಟ್ಟಲ್ಲಿ ಕನ್ನಡವೇ ಹೊರಡಲಿಲ್ಲ. “ಓಪನ್ ದಿಸ್ ಡೋರ್! ಓಪನ್ ಇಟ್ ದಿಸ್ ಮಿನಿಟ್!” ಅಂತ ಕಿರುಚಿದ್ದು ನನ್ನ ಕಿವಿಗೇ ನಮ್ಮ ಮದರ್ ಸುಪೀರಿಯರ್ ಕೂಗಿದ ಹಾಗೆ ಕೇಳಿಸಿತು. ನನ್ನ ಹಿಂದೆ ಶಾಂತಕ್ಕನ ಪಿಸುಮಾತು ಬಂತು:

“ಈ ಹುಡುಗಿ ಒಂದಿಷ್ಟು ಮಿಕ್ಸಿನಾದ್ರೂ ಹಾಕಬಾರದಾ, ಹಬ್ಬದ ದಿನ…”

ಆ ಮಾತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಹೊಡೆತ ಅಲ್ಲ ಸ್ವಾಮಿ, ಹೊಡೆತ ಕೇಳಿಸಿದ್ದು ಅಪರಾಧ!

ಅಗುಳಿ ತೆಗೆದವಳು ಸಿಂಚನ. ಅಮ್ಮನ ರಟ್ಟೆ ಹಿಡಿದುಕೊಂಡು ಹೊರಗೆ ಬಂದಳು. ಮಿಕ್ಸಿ ಹಾಕುತ್ತಿದ್ದ ಬಲಗೈಯನ್ನು ಲಂಗದ ಮಡಿಕೆಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ನಮ್ಮ ಮನೆಗೆ ಬಂದು ಕೂತ ಮೇಲೂ ಆ ಮುಷ್ಟಿ ಬಿಡಿಸಲಿಲ್ಲ. ಹೀಗಾದರೆ ಯಾರಿಗೆ ಫೋನ್ ಮಾಡಬೇಕು ಅಂತ ನೀಲಿ ಕುರ್ತಾದ ಹುಡುಗಿ ಮೊದಲೇ ಅವಳಿಗೆ ಕಲಿಸಿದ್ದಳು. ಆ ಸಹಾಯವಾಣಿಗೆ ನಾನೇ ಫೋನ್ ಹಚ್ಚಿ, ಲತಾಳ ಕೈಗೆ ಕೊಟ್ಟು, ಹಿತ್ತಲಿಗೆ ಹೋದೆ.

ಮರುದಿನ ಬೆಳಿಗ್ಗೆ, ಸಹಾಯವಾಣಿಯವರು ಬರುವುದಕ್ಕೆ ಮುಂಚೆಯೇ ಬಂದದ್ದು ಬೀದಿಯ ಹಿರಿಯರು. ಪರಮೇಶಪ್ಪ ಅಂತ ಯಜಮಾನ, ಅವನ ಹಿಂದೆ ಮೂರು ನಾಲ್ಕು ಜನ, ಎಲ್ಲರ ಹಿಂದೆ ಕೈಮುಗಿದು ಅಳುತ್ತ ನಾಗರಾಜ. “ಕುಂತ್ಕಳ್ರಿ” ಅಂತ ನಾನು ಹೇಳಲಿಲ್ಲ, ಅವರೇ ಕೂತರು.

“ನೋಡ್ರಿ ಮೇಡಂ, ಗಂಡ ಹೆಂಡ್ತಿ ಜಗಳ. ಒಂದ್ ಹನಿ ಕುಡಿಯೋನಲ್ಲ ಅವನು. ಆ ಹುಡುಗಿ ತಲೆ ಯಾರೋ ಪೋನ್ನಾಗೆ ಕೆಡಿಸ್ಯಾರೆ. ಎಷ್ಟು ವರ್ಷದಿಂದ ಸುಮ್ನೆ ನಡೀತಿತ್ತು ಸಂಸಾರ!”

“ಸುಮ್ಮನೆ ನಡೀತಿರಲಿಲ್ಲ ಪರಮೇಶಪ್ಪ. ಮಿಕ್ಸಿ ಜೊತೆ ನಡೀತಿತ್ತು,” ಅಂದೆ.

“ನೀವು ಹೊರಗಿನೋರು. ನಾಳೆ ಹೋಗ್ತೀರಿ. ಬೀದಿ ಮರ್ಯಾದೆ ನಮ್ಮದಲ್ಲವ್ರಾ? ಲತಮ್ಮ, ಒಳ್ಳೇದು ಹೇಳ್ತೀನಿ, ಎದ್ದು ಮನೆಗೆ ಹೋಗವ್ವ. ಸ್ವಲ್ಪ ಅಡ್ಜಸ್ಟ್ ಮಾಡ್ಕಬೇಕು.”

ಆ ಪದ ಇಂಗ್ಲಿಷಿನಿಂದ ಬಂದದ್ದಕ್ಕೆ ನನಗೆ ನನ್ನ ಕಾನ್ವೆಂಟಿನ ಬಗ್ಗೆಯೇ ನಾಚಿಕೆಯಾಯಿತು. ಲತಾ ಬಾಗಿಲಿಗೆ ಬಂದಳು. ತುಟಿ ಊದಿತ್ತು. ಗಂಡನ ಕಡೆ ನೋಡಲಿಲ್ಲ, ಪರಮೇಶಪ್ಪನ ಕಡೆ ನೋಡಿ ಹೇಳಿದಳು:

“ನಾನು ನಮ್ಮಪ್ಪನ ಮನೆಗೆ ಹೋಗ್ತೀನಿ. ಮಿಕ್ಸಿ ಇಲ್ಲೇ ಐತೆ. ಬೇಕಾದ್ರೆ ನೀವು ಒಬ್ಬೊಬ್ರೂ ಒಂದೊಂದ್ ದಿನ ಬಂದು ಹಾಕ್ರಿ.”

ಹಿರಿಯರು ಒಬ್ಬೊಬ್ಬರಾಗಿ ಎದ್ದು ಹೊರಟರು. ಮಧ್ಯಾಹ್ನ ಸಹಾಯವಾಣಿಯ ಹೆಣ್ಣುಮಗಳು, ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಬಂದು ಲತಾ ಹೇಳಿದ್ದನ್ನೆಲ್ಲ ಬರೆದುಕೊಂಡರು. ಸಂಜೆ ಬಸ್ಸಿಗೆ ತಾಯಿ ಮಗಳು ಹೊಸದುರ್ಗದ ಕಡೆ, ಲತಾಳ ತವರು ಮಾಡದಕೆರೆಗೆ ಹೊರಟರು. ಟ್ಯಾಬನ್ನು ಸಿಂಚನಳ ಚೀಲಕ್ಕೆ ನಾನೇ ತುರುಕಿದೆ. ಗಡಿಬಿಡಿಯಲ್ಲಿ ಅದರ ಇಯರ್‌ಫೋನು ದಿಂಬಿನ ಕೆಳಗೇ ಉಳಿಯಿತು.

ಆಮೇಲಿನದು ನನ್ನನ್ನು ಇನ್ನೂ ಸುಡುತ್ತದೆ. ಕೇಸು ಅದರ ಪಾಡಿಗೆ ತಾರೀಕಿನಿಂದ ತಾರೀಕಿಗೆ ನಡೆಯುತ್ತಿತ್ತು. ನಾಗರಾಜ ಮುಂದಿನ ವಾರವೇ ಅಂಗಡಿ ತೆರೆದ. ಜನ ಪಂಪು, ಫ್ಯಾನು ಹೊತ್ತುಕೊಂಡು ಹೋದರು. “ಪಾಪ, ಒಬ್ಬನೇ ಅಡುಗೆ ಮಾಡ್ಕಂತಾನೆ” ಅಂತ ಶಾಂತಕ್ಕ ಸಾರು ಕಳಿಸಿದಳು. ಮುರಿದವನು ಊರಲ್ಲಿ ಮರ್ಯಾದಸ್ಥನಾಗಿಯೇ ಉಳಿದ, ರಿಪೇರಿಗೆ ಕೂತದ್ದು ಹುಡುಗಿ. ಉಸಿರಾಡುವುದನ್ನು ಕಲಿಯಬೇಕಾದವಳು ಅವಳು, ಕಾಲೇಜು ಬದಲಿಸಬೇಕಾದವಳು ಅವಳು, ಮಂಗಳವಾರ ಶುಕ್ರವಾರ ತಪ್ಪದೆ ತನ್ನ ಗಾಯ ತಾನೇ ಬಿಚ್ಚಿ ತೋರಿಸಬೇಕಾದವಳೂ ಅವಳೇ. ಅವನಿಗೆ ಒಂದು ಹೋಮ್‌ವರ್ಕೂ ಇಲ್ಲ. ಇದನ್ನು ನ್ಯಾಯ ಅನ್ನುವವರು ನನ್ನ ಜಗಲಿ ಹತ್ತುವುದು ಬೇಡ.

ದಸರಾ ಕಳೆದು ಸುಶೀಲ ವಾಪಸ್ ಬಂದಳು. ನಾನು ಚಿತ್ರದುರ್ಗಕ್ಕೆ ಹೊರಡುವ ಮುಂಚೆ ಒಂದು ಶುಕ್ರವಾರ ಆ ಇಯರ್‌ಫೋನು ಹಿಡಿದು ಮಾಡದಕೆರೆಗೆ ಹೋದೆ. ಲತಾಳ ಅಪ್ಪ ಕುರಿ ಸಾಕಿದವರು, ಹೆಗಲ ಮೇಲೆ ಕಂಬಳಿ. ಲತಾ ಕೂಲಿಗೆ ಹೋಗಿದ್ದಳು. “ಬರ್ರಿ ಅಮ್ಮಾರೆ, ಮಗಾ ಕುರಿ ಹತ್ರ ಐತೆ, ಹೋಗಾಣ” ಅಂತ ಹಿರಿಯ ನನ್ನನ್ನು ನಿಧಾನವಾಗಿ ಊರ ಹೊರಗೆ ಕರೆದುಕೊಂಡು ಹೋದರು. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲವಂತೆ, ದಿಬ್ಬದ ಮೇಲೆ ಸಿಗುತ್ತದಂತೆ. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಹೊತ್ತು ಇಳಿಯುತ್ತಿತ್ತು.

ಅಲ್ಲಿ, ಒಂದು ಬಂಡೆಯ ಮೇಲೆ ಸಿಂಚನ ಕೂತಿದ್ದಳು. ಮಂಡಿಯ ಮೇಲೆ ಟ್ಯಾಬು. ಸುತ್ತ ಕುರಿಗಳು. ಏನೋ ಹೇಳುತ್ತಿದ್ದಳು, ಗಾಳಿಗೆ ನಮಗೆ ಒಂದಕ್ಷರವೂ ಕೇಳಿಸಲಿಲ್ಲ.

“ಏ ಸಿಂಚು, ಅಜ್ಜಿ ಬಂದಾರೆ, ಬಾರವ್ವ!” ಹಿರಿಯ ಕೂಗಿದರು.

ಅವಳು ತಿರುಗಿ ನನ್ನನ್ನು ನೋಡಿದಳು. ಮುಖ ಅರಳಿತು. ನಾನು ಎರಡು ಹೆಜ್ಜೆ ಮುಂದಿಟ್ಟೆ. ಆಗ ಅವಳು ಬಲಗೈ ಎತ್ತಿ, ಬೆರಳುಗಳನ್ನು ಪೂರ್ತಿ ಬಿಡಿಸಿ, ಅಂಗೈಯನ್ನು ನನ್ನ ಕಡೆ ಹಿಡಿದಳು. ಈಗ ಬೇಡ, ಅಲ್ಲೇ ಇರು.

“ನೋಡ್ರಿ, ದೊಡ್ಡೋರು ಬಂದ್ರೂ ಎದ್ದೇಳಲ್ಲ” ಅಂತ ಹಿರಿಯ ಮತ್ತೆ ಬಾಯಿ ತೆಗೆದರು.

“ಕೂಗಬೇಡ್ರಿ,” ಅಂದೆ. “ಲೈನಲ್ಲಿದ್ದಾಳೆ.”

ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ಇಯರ್‌ಫೋನನ್ನು ಹಿರಿಯರ ಕೈಗಿಟ್ಟೆ. “ಇಷ್ಟು ದೂರ ಬಂದು ಹಂಗೇ ಹೋಗ್ತಿರೇನ್ರಿ?” ಅಂತ ಅವರು ನೊಂದುಕೊಂಡರು. ದಿಬ್ಬ ಇಳಿಯುವ ತಿರುವಿನಲ್ಲಿ ಒಂದು ಸಲ ಹಿಂತಿರುಗಿ ನೋಡಿದೆ. ನಮಗೆ ಬೆನ್ನು ಹಾಕಿ ಕೂತು ಮಾತಾಡುತ್ತಲೇ ಇದ್ದಳು. ಎತ್ತಿದ ಕೈ ಇನ್ನೂ ಇಳಿದಿರಲಿಲ್ಲ.